ಬಾಬಣ್ಣ ಇಲ್ಲೇ ಅವ್ನೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಮಳವಳ್ಳಿಯಲ್ಲಿ ನನ್ನ ಹತ್ತಿರ ಕನ್ನಡ ಕಲಿತ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ, ಕೆಲವರು ಕಿವಿ ಮುಟ್ಟಿಕೊಂಡು ಹೇಳುತ್ತಾರೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿ ಐದು ವರ್ಷದ ಹಿಂದೆ ನಿವೃತ್ತಳಾದೆ. ಕೋಪ ಮಾತ್ರ ಇನ್ನೂ ಸರ್ವೀಸಿನಲ್ಲಿದೆ. ಇಂಥ ಇಂದ್ರಮ್ಮ ಎಂಬ ನಾನು ಅರವತ್ತೈದನೆಯ ವಯಸ್ಸಿನಲ್ಲಿ ವೆಬ್‌ಸೈಟ್ ಮಾಡುವುದನ್ನು ಕಲಿತೆ. ಒಂದೇ ವೆಬ್‌ಸೈಟನ್ನು ಎರಡು ಸಲ ಮಾಡಿದೆ. ಮೊದಲನೆಯ ಸಲ ಏನಾಯಿತು ಎಂದು ಹೇಳಲು ಈಗಲೂ ನಾಚಿಕೆ, ಆದರೆ ಅದನ್ನು ಬಿಟ್ಟರೆ ಕಥೆಯೇ ಇಲ್ಲ.

ಕಲಿತದ್ದು ಬಾಬು ಜಾನ್ ಅವರಿಗಾಗಿ. ಅವರದು ಮೋಟಾರ್ ವೈಂಡಿಂಗ್ ಕೆಲಸ. ಸುಟ್ಟುಹೋದ ಪಂಪ್‌ಸೆಟ್ ಮೋಟಾರನ್ನು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಚ್ಚಿ ಒಣಗಿಸಿ, ಮತ್ತೆ ನೀರೆತ್ತುವ ಹಾಗೆ ಮಾಡಿಕೊಡುತ್ತಾರೆ. ಶಿವನಸಮುದ್ರದ ಕರೆಂಟು ಸ್ಟೇಷನ್ನಿನಿಂದ ರಿಟೈರಾದ ಒಬ್ಬ ಮೇಸ್ತ್ರಿಯ ಹತ್ತಿರ ಕಲಿತ ವಿದ್ಯೆ ಅದು. ಮಳವಳ್ಳಿಯಿಂದ ಬೆಳಕವಾಡಿ ಕಡೆಗೆ ಹೋಗುವ ರಸ್ತೆಯ ಸಾಲಂಗಡಿಯಲ್ಲಿ ಮೂವತ್ತೊಂದು ವರ್ಷ ಅವರ ಅಂಗಡಿ ಇತ್ತು. ಆ ಕಡೆಯ ರೈತರೆಲ್ಲ ಅವರನ್ನು ಬಾಬಣ್ಣ ಎಂದೇ ಕರೆಯುವುದು. ನಾನೊಬ್ಬಳೇ ಬಾಬು ಜಾನ್ ಅವರೇ ಎನ್ನುತ್ತಿದ್ದೆ, ಮೇಷ್ಟರ ಬುದ್ಧಿ.

ನನ್ನ ಯಜಮಾನರು ಶಿವರಾಮು ಕೊನೆಯ ಎಂಟು ತಿಂಗಳು ಹಾಸಿಗೆಯಲ್ಲೇ ಇದ್ದರು. ಅಂಥ ಮನೆಯಲ್ಲಿ ಎಷ್ಟು ನೀರು ಬೇಕು ಎನ್ನುವುದು ಅನುಭವಿಸಿದವರಿಗೇ ಗೊತ್ತು. ದಿನಕ್ಕೆ ನಾಲ್ಕು ಸಲ ಬಟ್ಟೆ, ನಾಲ್ಕು ಸಲ ನೆಲ. ಒಂದು ಬೆಳಿಗ್ಗೆ ಸಂಪಿನ ಮೋಟಾರು ಹೊಗೆಯಾಡಿ ನಿಂತುಹೋಯಿತು. ಬಾಬು ಜಾನ್ ಬಂದು ನೋಡಿ, ಎರಡು ದಿನ ಬೇಕು ಎಂದರು. ನನ್ನ ಮುಖ ನೋಡಿದರು, ಒಳಗಿನ ಮಂಚದ ಕಡೆ ನೋಡಿದರು, ಹೊರಟುಹೋದರು. ಅರ್ಧ ಗಂಟೆಯಲ್ಲಿ ಬೇರೊಂದು ಮೋಟಾರು ತಂದು ಕೂರಿಸಿದರು. ಅಂಗಡಿಯಲ್ಲಿ ಇದ್ದದ್ದಿರಬೇಕು ಎಂದುಕೊಂಡೆ. ಅದು ಅವರ ಮನೆಯದು, ಆ ಎರಡು ದಿನ ಅವರ ಹೆಂಡತಿ ಮಹಬೂಬ್ ಬೀ ಬೀದಿ ನಲ್ಲಿಯಿಂದ ಕೊಡದಲ್ಲಿ ನೀರು ಹೊತ್ತರು ಎಂದು ನನಗೆ ಗೊತ್ತಾದದ್ದು ಒಂದು ವರ್ಷದ ಮೇಲೆ. ಅದನ್ನೂ ಆಯಮ್ಮ ನಗುನಗುತ್ತಾ ಯಾವುದೋ ಮಾತಿಗೆ ಹೇಳಿದ್ದು. ಅವತ್ತು ಮನೆಗೆ ಬಂದು ದೇವರ ಮುಂದೆ ಕೂತು ಅತ್ತೆ. ಆ ಋಣ ನನ್ನ ಮೈಮೇಲೇ ಇತ್ತು.

ಕಳೆದ ಕಾರ್ತಿಕ ಮಾಸದಲ್ಲಿ ಸಾಲಂಗಡಿಯ ಮಾಲೀಕರು ಅದನ್ನು ಕೆಡವಿ ಛತ್ರ ಕಟ್ಟಿಸಲು ಹೊರಟರು. ಬಾಬು ಜಾನ್ ಊರಿನ ಇನ್ನೊಂದು ತುದಿಯಲ್ಲಿ, ಮುಚ್ಚಿದ ರೈಸ್‌ಮಿಲ್ಲಿನ ಹಿಂದೆ ಒಂದು ಶೆಡ್ಡು ಹಿಡಿದರು. ಹಳೇ ಜಾಗದಲ್ಲಿ ಹೊಸ ವಿಳಾಸದ ಬೋರ್ಡು ನೇತುಹಾಕಿದ್ದರು. ಗೋಡೆ ಉರುಳಿದ ದಿನ ಬೋರ್ಡೂ ಅದರ ಜೊತೆ ಟ್ರಾಕ್ಟರ್ ಹತ್ತಿತು. ಅಲ್ಲಿಂದಾಚೆಗೆ ಗಿರಾಕಿಗಳು ನಿಂತರು. ವಾರಕ್ಕೆ ಹತ್ತು ಹನ್ನೆರಡು ಮೋಟಾರು ಬರುತ್ತಿದ್ದ ಕಡೆ ತಿಂಗಳಿಗೆ ಎರಡು ಬಂದರೆ ಹೆಚ್ಚು. ಮಹಬೂಬ್ ಬೀಯ ತಮ್ಮ ಹಸೀಬ್‌ಗೆ ಮದ್ದೂರಿನಲ್ಲಿ ದೊಡ್ಡ ಎಲೆಕ್ಟ್ರಿಕಲ್ ಅಂಗಡಿ ಇದೆ. ಒಳ್ಳೆಯ ಮನುಷ್ಯ, ಅಕ್ಕನ ಮೇಲೆ ಪ್ರಾಣ. ಅವನು ಭಾವನಿಗೆ ಗಡುವು ಕೊಟ್ಟ: ಯುಗಾದಿ, ಮಾರನೆಯ ದಿನದ ಹೊಸತೊಡಕು ಮುಗಿದ ಮೇಲಿನ ಭಾನುವಾರ ಗಾಡಿ ತರುತ್ತೇನೆ, ವೈಂಡಿಂಗ್ ಮಿಷನ್ನಿಗೆ ಗಿರಾಕಿ ನೋಡಿದ್ದೇನೆ, ನೀವು ಬಂದು ನನ್ನ ಅಂಗಡಿಯ ಕೌಂಟರಿನಲ್ಲಿ ಕೂತುಕೊಳ್ಳಿ.

"ಸ್ವಿಚ್ಚು ಬಲ್ಬು ಮಾರೋದೂ ಕೆಲ್ಸವೇಯ ಮೇಡಮ್ಮೋರೆ, ಇಲ್ಲ ಅನ್ನಾಕಿಲ್ಲ," ಎಂದರು ಬಾಬು ಜಾನ್. ವಾರ್ನಿಷ್ ಕಲೆ ಹತ್ತಿದ ಎರಡು ಕೈಯನ್ನೂ ಮುಂದೆ ಚಾಚಿ ತಾವೇ ನೋಡಿಕೊಂಡರು. "ಆದ್ರೆ ಇವ್ಕೆ ಏನ್ ಯೋಳ್ಲಿ?"

ಆ ಮಾತು ನನಗೆ ನಿದ್ದೆ ಕೊಡಲಿಲ್ಲ. ಜನಕ್ಕೆ ಜಾಗ ಗೊತ್ತಾದರೆ ಸಾಕು, ಅಂಗಡಿ ಉಳಿಯುತ್ತದೆ ಎಂದು ನನಗೆ ಅನ್ನಿಸಿತ್ತು. ಆಗಲೇ ಬಸ್ಸಿನಲ್ಲಿ ಒಂದು ಚೀಟಿ ಕಣ್ಣಿಗೆ ಬಿತ್ತು: ಆರು ಭಾನುವಾರದಲ್ಲಿ ನಿಮ್ಮದೇ ವೆಬ್‌ಸೈಟ್, ಏನೂ ಗೊತ್ತಿಲ್ಲದವರೇ ಬನ್ನಿ. ಏನೂ ಗೊತ್ತಿಲ್ಲದವರು ಎನ್ನುವ ಅರ್ಹತೆ ನನಗಿತ್ತು. ಸೇರಿಕೊಂಡೆ.

ಸಂಕ್ರಾಂತಿಯಿಂದಾಚೆಗೆ ಪ್ರತಿ ಭಾನುವಾರ ಮದ್ದೂರಿಗೊಂದು ಬಸ್ಸು, ಅಲ್ಲಿಂದ ಮಂಡ್ಯಕ್ಕೊಂದು. ನೂರಡಿ ರಸ್ತೆಯ ಒಂದು ಮಹಡಿಯಲ್ಲಿ ಕ್ಲಾಸು. ಪಾಠ ಮಾಡುವವಳು ವೀಣ, ನಲವತ್ತರ ಹೆಂಗಸು, ವಾರದ ದಿನಗಳಲ್ಲಿ ಕಾಲೇಜೊಂದರ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುತ್ತಾಳೆ. ಮೊದಲ ದಿನ ನಾನು ಕಂಪ್ಯೂಟರ್ ಮುಂದೆ ನೆಟ್ಟಗೆ ಕೂತರೆ, ಅವಳು ಅದನ್ನು ಆರಿಸಿ ಕೈಗೆ ಪೆನ್ಸಿಲ್ಲು, ಬಿಳೀ ಹಾಳೆ ಕೊಟ್ಟಳು.

"ಮನೆ ಕಟ್ಟೋಕ್ ಮುಂಚೆ ನಕ್ಷೆ ಬರೀತೀವಲ್ಲ ಮೇಡಂ, ಹಂಗೇ. ಮೂರೇ ಪ್ರಶ್ನೆ. ಯಾರು ಬರ್ತಾರೆ? ಏನು ಹುಡುಕ್ಕೊಂಡು ಬರ್ತಾರೆ? ನೋಡಾದ್ಮೇಲೆ ಅವರು ಏನು ಮಾಡ್ಬೇಕು? ಇದಿಷ್ಟು ಬರೆದು ತೋರಿಸಿ."

ಯಾರು ಬರುತ್ತಾರೆ ಎನ್ನುವುದಕ್ಕೆ ನಾನು ದುಂಡಾದ ಅಕ್ಷರದಲ್ಲಿ 'ಸಹೃದಯರು' ಎಂದು ಬರೆದೆ.

ವೀಣ ಅದನ್ನು ಓದಿ ಬಹಳ ಕಷ್ಟಪಟ್ಟು ನಗು ತಡೆದುಕೊಂಡಳು. "ಮೇಡಂ, ಸಹೃದಯರ ಮೋಟರ್ ಸುಡತ್ತಾ?"

ಎದುರು ಬೆಂಚಿನಲ್ಲಿದ್ದ ಮದ್ದೂರಿನ ಕ್ಯಾಟರಿಂಗ್ ಶಶಿಧರ್ ಕಿಸಕ್ಕನೆ ನಕ್ಕ. ನಾನು ನೋಡಿದ ನೋಟಕ್ಕೆ ಅವನು ತನ್ನ ಹಾಳೆಯೊಳಗೆ ಇಳಿದುಹೋದ. ವೀಣಳೂ ಆ ನೋಟವನ್ನು ನೋಡಿದಳು, ಅಂದಿನಿಂದ ನನ್ನ ಹಾಳೆ ತಿದ್ದುವಾಗ ಸ್ವಲ್ಪ ದೂರವೇ ನಿಲ್ಲುತ್ತಿದ್ದಳು. ಅದು ನನಗೆ ಗೌರವ ಎಂದು ತೋರಿತ್ತು.

ಕಲಿಯುವುದು ಮಾತ್ರ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಸೈಟಿಗೊಂದು ಹೆಸರು ಹಿಡಿಯುವುದು, ಪುಟಗಳನ್ನು ಮೊದಲು ಹಾಳೆಯ ಮೇಲೆ ಚೌಕಗಳಾಗಿ ಬರೆದುಕೊಳ್ಳುವುದು, ಸಿದ್ಧವಾಗಿರುವ ವಿನ್ಯಾಸಗಳಲ್ಲಿ ಒಂದನ್ನು ಆರಿಸಿ ಅದರೊಳಗೆ ನಮ್ಮ ಮಾತು, ನಮ್ಮ ಚಿತ್ರ ತುಂಬುವುದು. ಫೋನಿನಲ್ಲಿ ನೋಡಿದರೆ ಹೇಗೆ ಕಾಣುತ್ತದೆ ಎಂದು ಪ್ರತಿಸಲ ತೆರೆದು ನೋಡಬೇಕು, ಹಳ್ಳಿಯವರು ನೋಡುವುದು ಫೋನಿನಲ್ಲೇ ಎಂದು ವೀಣ ಹತ್ತು ಸಲ ಹೇಳಿದಳು. ಆರನೆಯ ಭಾನುವಾರ ನನ್ನ ಬೆರಳಿನ ಒಂದು ಒತ್ತಿಗೆ ಪುಟ ಜಗತ್ತಿಗೆ ಕಾಣುವಂತಾದಾಗ, ಮೊದಲನೆಯ ತರಗತಿಯ ಮಗುವಿನ ಹಾಗೆ ಎದ್ದು ನಿಂತು ಚಪ್ಪಾಳೆ ತಟ್ಟಿದೆ.

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮನೆಗೆ ಬಂದ ಮೇಲೆ ಪುಟ ಬಡವಾಗಿದೆ ಅನ್ನಿಸಿತು. ನನ್ನ ಕೃತಜ್ಞತೆ ಅದರಲ್ಲಿ ಎಲ್ಲೂ ಇಲ್ಲವಲ್ಲ ಅನ್ನಿಸಿತು. ವೀಣಳಿಗೆ ತೋರಿಸದೆ, ನಾನೇ ಒಂದು ವಾರ ಕೂತು ಅಂದಗೊಳಿಸಿದೆ. ಬಾಬು ಜಾನ್ ಅವರ ಹತ್ತಿರ ಇದ್ದ ಒಂದೇ ಫೋಟೋ, ಹಳೆಯ ಕಪ್ಪುಬಿಳುಪಿನ ಪಾಸ್‌ಪೋರ್ಟ್ ಸೈಜಿನದು, ಅದನ್ನು ಪುಟದ ಮೇಲ್ಗಡೆ ದೊಡ್ಡದಾಗಿ ಹಾಕಿದೆ. ಸುತ್ತಲೂ ಸೇವಂತಿಗೆ ಹೂವಿನ ಅಂಚು. ಕೆಳಗೆ: ಮೂರು ದಶಕಗಳ ಕಾಲ ರೈತಬಾಂಧವರ ಸೇವೆಗೈದ ಸರಳ ಸಜ್ಜನ, ಶ್ರಮಜೀವಿ ಶ್ರೀ ಬಾಬು ಜಾನ್ ಅವರಿಗೆ ಭಾವಪೂರ್ಣ ನಮನಗಳು. ಅದರ ಕೆಳಗೆ ಮೂರು ಪ್ಯಾರಾ ಅವರ ಗುಣಗಾನ. ವಿಳಾಸ, ದೂರವಾಣಿ ಎಲ್ಲ 'ಸಂಪರ್ಕ' ಎನ್ನುವ ಕೊನೆಯ ಪುಟದಲ್ಲಿ. ಒಂದೂ ಕಾಗುಣಿತದ ತಪ್ಪಿರಲಿಲ್ಲ.

ಶೆಡ್ಡಿಗೆ ಹೋಗಿ ತೋರಿಸಿದೆ. ಬಾಬು ಜಾನ್ ನಿಧಾನವಾಗಿ ಅಕ್ಷರ ಕೂಡಿಸಿ ಓದುವವರು. ಫೋಟೋ ನೋಡಿ, "ಸಂದಾಗದೆ ಮೇಡಮ್ಮೋರೆ, ಮದ್ವೆ ಮನೆ ತರ ಊವ ಎಲ್ಲ ಆಕಿದ್ದೀರಿ," ಎಂದರು. ಮಹಬೂಬ್ ಬೀ ಫೋನನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದರು, ಗಂಡನ ಮುಖ ನೋಡಿದರು, ಏನೂ ಹೇಳದೆ ವಾಪಸು ಕೊಟ್ಟರು.

ನನ್ನ ಹಳೆಯ ವಿದ್ಯಾರ್ಥಿಗಳಿಗೆಲ್ಲ ಆ ಕೊಂಡಿ ಕಳಿಸಿದೆ. ಎಷ್ಟು ಜನ ನೋಡಿದರು ಎನ್ನುವ ಲೆಕ್ಕ ಸೈಟಿನಲ್ಲೇ ಕಾಣುತ್ತದೆ. ಮೊದಲ ದಿನ ನಲವತ್ತು, ವಾರದಲ್ಲಿ ನಾನೂರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವಿಚಿತ್ರವೆಂದರೆ ನಾನೂರು ಜನ ನೋಡಿದರೂ ಬಾಬು ಜಾನ್ ಅವರ ಫೋನು ಒಂದು ಸಲವೂ ರಿಂಗಾಗಲಿಲ್ಲ. ಜನಕ್ಕೆ ಒಳ್ಳೆಯ ಕನ್ನಡ ಅರ್ಥವಾಗುವುದಿಲ್ಲ ಎಂದು ಜನರ ಮೇಲೇ ಸಿಟ್ಟು ಮಾಡಿಕೊಂಡೆ. ಯುಗಾದಿಯೂ ಬಂತು, ಹೊಸತೊಡಕೂ ಆಯಿತು.

ಆಮೇಲಿನ ಬುಧವಾರ ಮಧ್ಯಾಹ್ನ ಸೊಪ್ಪು ತರಲು ಹೋಗಿದ್ದೆ. ಹಳೇ ಸಾಲಂಗಡಿ ಇದ್ದ ಕಡೆ, ಇಟ್ಟಿಗೆ ರಾಶಿಯ ಮುಂದೆ ಒಬ್ಬ ರೈತ ಮೊಪೆಡ್ ನಿಲ್ಲಿಸಿಕೊಂಡು ನಿಂತಿದ್ದ. ಹಿಂದೆ ಹಗ್ಗದಲ್ಲಿ ಬಿಗಿದ ಮೋಟಾರು. ಹತ್ತಿರ ಹೋದೆ.

"ಬಾಬು ಜಾನ್ ಅವರನ್ನು ಹುಡುಕುತ್ತಿದ್ದೀರಾ?"

"ಬಾಬಣ್ಣ ಓಗ್ಬುಟ್ನಲ್ಲವ್ವ," ಎಂದ ಅವನು ಬೇಸರದಿಂದ.

"ಹೌದು, ಹೋದರು. ರೈಸ್‌ಮಿಲ್ಲಿನ ಹಿಂದೆ ಇದ್ದಾರೆ."

ಅವನು ತಲೆಗೆ ಸುತ್ತಿದ್ದ ಟವಲು ತೆಗೆದ. "ಅಲ್ಲೇ ಮಣ್ಣು ಮಾಡುದ್ರಾ?"

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು. ನಮ್ಮ ಕಡೆ ಊರು ಬಿಟ್ಟು ಹೋದವನೂ 'ಓಗ್ಬುಟ್ಟ', ಲೋಕ ಬಿಟ್ಟು ಹೋದವನೂ 'ಓಗ್ಬುಟ್ಟ'. ಬಾಬಣ್ಣ ಅಲ್ಲಿಂದ ಹೋಗಿಬಿಟ್ಟ ಎಂದು ಯಾರೋ ಅಂದಿದ್ದಾರೆ. ಬೆಳಕವಾಡಿ ಮುಟ್ಟುವಷ್ಟರಲ್ಲಿ ಅದರಿಂದ 'ಅಲ್ಲಿಂದ' ಉದುರಿಹೋಗಿದೆ.

"ಯಾರಯ್ಯಾ ಹೇಳಿದ್ದು ನಿನಗೆ?" ಎಂದು ಗದರಿದೆ.

"ಎಲ್ರೂ ಅಂತಿದ್ರು. ನಾನ್ ಮೊದ್ಲು ನಂಬ್ನಿಲ್ಲ ಕಣವ್ವ. ಆಮೇಲೆ ನಮ್ಮ ಡೈರಿ ಗ್ರೂಪ್ಗೆ ಇದು ಬಂತು." ಫೋನು ತೆಗೆದು ತೋರಿಸಿದ. "ಪೋಟೋಕ್ಕೆ ಊವ ಆಕವ್ರೆ, ನಮನ ಅಂತ ಬರ್ದವ್ರೆ. ಕೈ ಮುಗ್ದು ಮಡುಗ್ಬುಟ್ಟೆ. ಇವತ್ತು ಬ್ಯಾರೆ ಯಾರಾದ್ರೂ ರಿಪೇರಿಯೋರು ಸಿಕ್ಕಾರಾ ಅಂತ ಬಂದೆ."

ನನ್ನ ವೆಬ್‌ಸೈಟ್. ಅದರ ಕೆಳಗೆ ಹಾಲಿನ ಡೈರಿಯ ಗ್ರೂಪಿನವರು ಹಾಕಿದ್ದ ಮುಗಿದ ಕೈಗಳು, ಸಾಲು ಸಾಲು. ನಾನೂರು ಜನ ಬಂದದ್ದು ಅಂಗಡಿ ಹುಡುಕಿಕೊಂಡಲ್ಲ, ಸಂತಾಪಕ್ಕೆ. ಅವನ ಫೋನಿನಲ್ಲಿ ಅವನ ಕಣ್ಣಿನಿಂದ ನೋಡಿದಾಗ ಅದು ಮಂಡ್ಯ ಜಿಲ್ಲೆಯ ಯಾವ ಸರ್ಕಲ್ಲಿನಲ್ಲಿ ಬೇಕಾದರೂ ಕಟ್ಟಬಹುದಾದ ಶ್ರದ್ಧಾಂಜಲಿ ಫ್ಲೆಕ್ಸಿನ ಹಾಗೇ ಇತ್ತು. ನನ್ನ ಕೈಯಾರೆ ಬದುಕಿದ್ದ ಮನುಷ್ಯನಿಗೆ ಹೂವು ಏರಿಸಿದ್ದೆ.

ಅವನ ಹೆಸರು ಪುಟ್ಟರಾಜು. ಅವನ ಮೊಪೆಡ್ಡಿನ ಹಿಂದೆ ಮೋಟಾರಿತ್ತು, ಹಾಗಾಗಿ ನಾನು ಆಟೋದಲ್ಲಿ ಮುಂದೆ, ಅವನು ಹಿಂದೆ. ಶೆಡ್ಡಿನ ಬಾಗಿಲಲ್ಲಿ ಬಾಬು ಜಾನ್ ಟೀ ಕುಡಿಯುತ್ತಾ ಕೂತಿದ್ದರು. ಪುಟ್ಟರಾಜು ಗಾಡಿ ಸ್ಟ್ಯಾಂಡ್ ಹಾಕುವುದನ್ನೂ ಮರೆತು ನಿಂತ. ಆಮೇಲೆ ಫೋನು ಕಿವಿಗಿಟ್ಟುಕೊಂಡು ಯಾರಿಗೋ ಕೂಗಿದ: "ಲೇ, ಅವ್ನೆ ಕಣ್ಲಾ! ಬಾಬಣ್ಣ ಅವ್ನೆ! ಟೀ ಕುಡೀತಾವ್ನೆ!"

ವಿಷಯ ತಿಳಿದ ಮೇಲೆ ಬಾಬು ಜಾನ್ ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ, "ಅದ್ಕೇಯ ಯಾರೂ ಬರ್ನಿಲ್ಲ," ಎಂದು ಮೆಲ್ಲಗೆ ಅಂದರು. "ನಾನು, ನನ್ನ ಕೆಲ್ಸ ಮರ್ತುಬುಟ್ರೇನೋ ಅಂದ್ಕಂಡಿದ್ದೆ."

ನಾನು ಅಲ್ಲೇ ತಪ್ಪಾಯಿತು ಎಂದೆ. ಆ ಮಾತು ನನ್ನ ಬಾಯಿಂದ ಬಂದು ಎಷ್ಟು ವರ್ಷವಾಗಿತ್ತೋ. ಮಹಬೂಬ್ ಬೀ ನನ್ನ ಕೈ ಹಿಡಿದು ಕೂರಿಸಿ, "ನಂಗೆ ಅವತ್ತೇ ಎದೆ ಝಲ್ ಅಂತು ಮೇಡಮ್ಮ. ನೀವು ಕೋಪ ಮಾಡ್ಕತೀರಿ ಅಂತ ಸುಮ್ನಾದೆ," ಎಂದರು. ಹೂವಿಗಿಂತಲೂ, ನಮನಕ್ಕಿಂತಲೂ ಆ ಮಾತು ನನ್ನನ್ನು ಚುಚ್ಚಿತು. ವೀಣಳೂ ಇದೇ ಕಾರಣಕ್ಕೆ ದೂರ ನಿಲ್ಲುತ್ತಿದ್ದಳು ಎಂದು ಆಗ ಹೊಳೆಯಿತು. ನನಗೆ ಒಳ್ಳೆಯದು ಬಯಸಿದವರೇ ನನ್ನ ಬಾಯಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದರು.

ಭಾನುವಾರಕ್ಕೆ ನಾಲ್ಕು ದಿನ. ವೀಣಳಿಗೆ ಫೋನು ಮಾಡಿ ಎಲ್ಲ ಒಪ್ಪಿಸಿದೆ. ಇವತ್ತು ನನ್ನನ್ನು ಎಷ್ಟು ಬೇಕಾದರೂ ಬೈಯಮ್ಮ ಎಂದೆ. ಅವಳು ಬೈಯಲಿಲ್ಲ. "ಪೆನ್ಸಿಲ್ಲು ಪೇಪರ್ ತಗೊಳ್ಳಿ ಮೇಡಂ. ಯಾರು ಬರ್ತಾರೆ?" ಎಂದಳು.

"ಪುಟ್ಟರಾಜು," ಎಂದೆ.

"ಏನು ಹುಡುಕ್ಕೊಂಡು?"

"ಬಾಬಣ್ಣ ಇದಾನೋ ಇಲ್ವೋ ಅಂತ."

"ಅದನ್ನೇ ಮೊದಲನೇ ಸಾಲಲ್ಲಿ ಹೇಳಿ. ಅವರು ಏನು ಮಾಡ್ಬೇಕು?"

"ಫೋನು."

"ಹಾಗಿದ್ರೆ ನಂಬರ್ ಕೊನೇ ಪುಟದಲ್ಲಿ ಯಾಕಿದೆ? ಒಂದೇ ಪುಟ ಸಾಕು ಮೇಡಂ. ಮೇಲೆ ಅವರ ಫೋಟೋ, ಬಣ್ಣದ್ದು, ಇವತ್ತು ತೆಗೆದಿದ್ದು. ಅದರ ಕೆಳಗೆ ನಂಬರ್, ಮುಟ್ಟಿದ್ರೆ ಕಾಲ್ ಹೋಗೋ ಹಾಗೆ. ಆಮೇಲೆ ದಾರಿ. ಅಷ್ಟೇ."

ಗುರುವಾರ ಶೆಡ್ಡಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಪುಟ್ಟರಾಜುವಿನ ಮೋಟಾರಿಗೆ ಬಾಬು ಜಾನ್ ತಂತಿ ಸುತ್ತುತ್ತಿದ್ದಾಗಲೇ ಫೋಟೋ ತೆಗೆದೆ, ಹಲ್ಲು ಕಾಣುವಂತೆ ನಗಿಸಿ ತೆಗೆದೆ. ಮೊದಲನೆಯ ಸಾಲಿಗೆ 'ಬಾಬು ಜಾನ್ ಅವರು ಇಲ್ಲಿಯೇ ಇದ್ದಾರೆ' ಎಂದು ಬರೆದು ಓದಿ ಹೇಳಿದೆ.

"ಯಾರ್ ಮೇಡಮ್ಮೋರೆ ಇವ್ರು?" ಎಂದರು ಅವರು. "ರೇಷನ್ ಕಾರ್ಡ್ ಬುಟ್ರೆ ನನ್ನ ಇಂಗೆ ಯಾರೂ ಕರ್ಯಾಕಿಲ್ಲ."

'ಬಾಬಣ್ಣ ಇಲ್ಲೇ ಅವ್ರೆ' ಎಂದು ತಿದ್ದಿದೆ. ಇಷ್ಟು ಇಳಿದದ್ದೇ ನನಗೆ ದೊಡ್ಡದಾಗಿತ್ತು.

"ಅವ್ರೆ ಬ್ಯಾಡಿ."

"ಮತ್ತೆ?"

"ಅವ್ನೆ ಅಂತ ಬರೀರಿ."

"ಸಾಧ್ಯವಿಲ್ಲ," ಎಂದೆ. ಕೋಪ ಬಂದೇಬಿಟ್ಟಿತು. "ವಯಸ್ಸಿಗೆ ಒಂದು ಮರ್ಯಾದೆ ಬೇಡವಾ? ಊರೆಲ್ಲ ನೋಡುವ ಕಡೆ ನಿಮ್ಮನ್ನು ಏಕವಚನದಲ್ಲಿ ಬರೆದು ನಾನು ಯಾವ ಮುಖ ಹೊತ್ತುಕೊಂಡು ತಿರುಗಲಿ?"

ಅವರು ತಂತಿ ಸುತ್ತುವುದನ್ನು ನಿಲ್ಲಿಸಲಿಲ್ಲ. "ಅವ್ರೆ ಅಂದ್ರೆ ಯಾರೋ ಆಪೀಸರ್ರು ಕುರ್ಚೀಲಿ ಕುಂತವ್ರೆ ಅಂದಂಗಾಯ್ತದೆ. ನಮ್ ರೈತ್ರು ಆಪೀಸರ್ ತಾವ್ಕೆ ಓಗಕ್ಕೆ ಇಂದೆಮುಂದೆ ನೋಡ್ತಾರೆ. ಅವ್ನೆ ಅಂದ್ರೆ ನಾನು. ಅವ್ನೆ ಅಂದ್ರೆ ಬತ್ತಾರೆ. ಮೂವತ್ತು ವರ್ಸ ನಮ್ಮೋರು ನಂಗೆ ಮರ್ವಾದೆ ಕೊಟ್ಟಿರೋದು ಇಂಗೇಯ ಮೇಡಮ್ಮೋರೆ."

ಮೂವತ್ತೆರಡು ವರ್ಷ ಎಷ್ಟು ಮಕ್ಕಳ ನೋಟುಬುಕ್ಕಿನಲ್ಲಿ ಅವ್ನೆ, ಅವ್ಳೆ, ಓಗ್ಬುಟ್ಟ ಎನ್ನುವುದರ ಮೇಲೆಲ್ಲ ಕೆಂಪು ಗೀಟು ಎಳೆದಿದ್ದೆನೋ. ಪರೀಕ್ಷೆಗೆ ಅದು ಬೇಕಿತ್ತು, ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಆ ಮಾತಿನಲ್ಲಿ ಇಷ್ಟು ಪ್ರೀತಿ ಇದೆ ಎಂದು ಯಾವ ಮಗುವಿಗೂ ನಾನು ಹೇಳಲಿಲ್ಲ, ನನಗೇ ಗೊತ್ತಿರಲಿಲ್ಲ. ಟೈಪು ಮಾಡಿದೆ. ಮೋಟ್ರು ಸುಟ್ಟೋಗದಾ? ಬಾಬಣ್ಣ ಇಲ್ಲೇ ಅವ್ನೆ. ದಾರಿಯನ್ನೂ ಅವರೇ ಹೇಳಿದಂತೆ ಬರೆದೆ: ಬೆಳಕವಾಡಿ ಕಡೆಯಿಂದ ಬಂದ್ರೆ ಊರು ದಾಟಿ ಮುಂದಕ್ಕೆ ಬನ್ನಿ, ಮುಚ್ಚೋಗಿರೋ ರೈಸ್‌ಮಿಲ್ಲು ಸಿಗ್ತದೆ, ಅದರ ಹಿಂದಕ್ಕೆ ತಿರುಗಿ, ವಾರ್ನಿಸ್ ವಾಸನೆ ಬತ್ತದೆ, ಅದೇಯ.

ಶನಿವಾರ ಬೆಳಿಗ್ಗೆ ಪುಟ್ಟರಾಜು ಅದನ್ನು ಡೈರಿ ಗ್ರೂಪಿಗೆ ಹಾಕಿದ. ಅವತ್ತಿಡೀ ಒಂದು ಫೋನೂ ಬರಲಿಲ್ಲ. ಸಾಯಂಕಾಲ ಅವನನ್ನೇ ಕೇಳಿದರೆ, "ಅದೇ ಅಳೇ ಲಿಂಕು ಅಂತ ಯಾರೂ ತೆಗೀತಿಲ್ಲ ಕಣವ್ವ, ತಿರ್ಗ ಕೈ ಮುಗೀತಾವ್ರೆ," ಎಂದ. ಸೈಟಿನ ವಿಳಾಸ ಅದೇ ಇತ್ತು, ಅದು ನನ್ನ ತಲೆಗೆ ಹೊಳೆದಿರಲಿಲ್ಲ. "ನಾಳೆ ಬೆಳಿಗ್ಗೆ ಡೈರಿತಾವ್ಕೆ ಓಗಿ ನಾನೇ ಬಾಯ್ಬುಟ್ಟು ಯೋಳ್ತೀನಿ ಬುಡಿ," ಎಂದು ಅವನು ಧೈರ್ಯ ಹೇಳಿದ.

ಭಾನುವಾರ ಎಂಟು ಗಂಟೆಗೆಲ್ಲ ಹಸೀಬ್ ಮದ್ದೂರಿನಿಂದ ಗೂಡ್ಸ್ ಗಾಡಿ ತಂದ. ನಾನು ಅಷ್ಟರಲ್ಲಿ ಶೆಡ್ಡಿನಲ್ಲಿದ್ದೆ. ಅವನಿಗೆ ನನ್ನ ವೆಬ್‌ಸೈಟ್ ತೋರಿಸಿದೆ. ಮರ್ಯಾದೆಯಿಂದ ನೋಡಿದ, ಚೆನ್ನಾಗಿದೆ ಮೇಡಂ ಎಂದ, ಸ್ಪ್ಯಾನರ್ ತೆಗೆದುಕೊಂಡ. ವೈಂಡಿಂಗ್ ಮಿಷನ್ನನ್ನು ಸಿಮೆಂಟು ಕಟ್ಟೆಗೆ ನಾಲ್ಕು ನಟ್ಟು ಹಾಕಿ ಕೂರಿಸಿದ್ದರು. ಬಾಬು ಜಾನ್ ಬಾಗಿಲ ಕಡೆ ಮುಖ ಮಾಡಿ ನಿಂತರು. ಮೂರನೆಯ ನಟ್ಟು ಬಿಚ್ಚುವಾಗ ಅವರ ಫೋನು ರಿಂಗಾಯಿತು.

ಗಟ್ಟಿ ದನಿಯ ಹೆಂಗಸು, ಶೆಡ್ಡಿಗೆಲ್ಲ ಕೇಳಿಸಿತು. "ಬಾಬಣ್ಣ ಅವ್ನಾ?"

"ಅವ್ನೆ ಕಣಮ್ಮ, ನಾನೇಯ."

"ನಾನು ಬೆಳಕವಾಡಿ ಕುಸುಮ. ಅಯ್ಯೋ ನಮ್ಮಪ್ಪ, ಪುಟ್ರಾಜ ಯೋಳುದ್ರೂ ನಂಬ್ನಿಲ್ಲ, ಆಮೇಲೆ ಪೋನ್ನಲ್ಲಿ ನೋಡುದ್ರೆ ನೀನು ಅಲ್ಲು ಬುಟ್ಕಂಡು ನಗ್ತಾ ಇದ್ದೀಯ. ಮೋಟ್ರು ಸುಟ್ಟೋಗಿ ಎಂಟ್ ದಿನಾಯ್ತು, ಕಬ್ಬು ಬಾಡ್ತಾ ಅದೆ. ಇವತ್ತು ಒಂದ್ ಗಾಡೀನೂ ಸಿಗ್ತಿಲ್ಲ, ಎಂಗ್ ತರ್ಲಿ?"

ಬಾಬು ಜಾನ್ ಫೋನಿಗೆ ಕೈ ಅಡ್ಡ ಇಟ್ಟು ಭಾಮೈದನ ಕಡೆ ತಿರುಗಿದರು. "ಹಸೀಬ್, ಇದೊಂದು ಮೋಟ್ರು ತಂದ್ಕೊಡಪ್ಪ. ಕೊನೇದು ಅನ್ಕಂಡು ಕಟ್ಕೊಡ್ತೀನಿ. ಮಿಷನ್ನು ನಾಳೆ ತಗಂಡೋಗು, ನಾನ್ ಇಲ್ಲ ಅನ್ನಾಕಿಲ್ಲ."

ಹಸೀಬ್ ಅಕ್ಕನ ಮುಖ ನೋಡಿದ. ಸ್ಪ್ಯಾನರ್ ಕಟ್ಟೆಯ ಮೇಲಿಟ್ಟು, ಖಾಲಿ ಗಾಡಿ ಹತ್ತಿ ಹೊರಟ.

ನಾವು ಮೂವರೂ ಕಾದೆವು. ಹತ್ತಾಯಿತು, ಹನ್ನೊಂದಾಯಿತು. ಮಹಬೂಬ್ ಬೀ ಎರಡು ಸಲ ಟೀ ಮಾಡಿದರು. ಬಾಬು ಜಾನ್ ತಾಮ್ರದ ತಂತಿಯ ಉರುಳೆಗಳನ್ನು ಒರೆಸಿ ಒರೆಸಿ ಜೋಡಿಸಿದರು. ಒಂದು ಮೋಟಾರಿನಿಂದ ಅಂಗಡಿ ಉಳಿಯುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಹನ್ನೊಂದೂವರೆಗೆ ಗಾಡಿ ಬಂತು.

ಹಿಂದೆ ಆರು ಮೋಟಾರು. "ದಾರೀಲಿ ನಿಂತ್ಕಂಡು ಕೈ ಅಡ್ಡ ಆಕುದ್ರು ಭಾವ," ಎಂದ ಹಸೀಬ್, ಇನ್ನೂ ಅವನಿಗೇ ನಂಬಿಕೆ ಬಂದ ಹಾಗಿರಲಿಲ್ಲ. "ಬಾಬಣ್ಣನ ಗಾಡಿಯಾ, ಬಾಬಣ್ಣನ ಗಾಡಿಯಾ ಅಂತ ಕೇಳಿ ಕೇಳಿ ಏರುದ್ರು. ಇನ್ನೂ ಮೂರು ಅಲ್ಲೇ ಅವೆ."

ಗಾಡಿಯ ಮುಂದಿನ ಸೀಟಿನಿಂದ ಒಬ್ಬ ಮುದುಕರು ಇಳಿಯುತ್ತಿದ್ದರು. ಬಿಳಿ ಅಂಗಿ, ಬಿಳಿ ಪಂಚೆ, ಕೈಯಲ್ಲಿ ಕೋಲು. ಎಂಬತ್ತು ದಾಟಿರಬೇಕು. ಬಾಬು ಜಾನ್ ಓಡಿಹೋಗಿ ರಟ್ಟೆ ಹಿಡಿದರು. "ಮರಿಸಿದ್ದಯ್ಯನೋರೆ! ನೀವ್ಯಾಕೆ ಬರಕ್ಕೋದ್ರಿ, ಮೋಟ್ರು ಕಳ್ಸುದ್ರೆ ಆಯ್ತಿರ್ನಿಲ್ವಾ? ಯಾವ್ದು ಇದ್ರಲ್ಲಿ ನಿಮ್ದು?"

"ನಂದ್ಯಾವ್ದೂ ಇಲ್ಲ ಕಣಪ್ಪ," ಎಂದರು ಮುದುಕರು. "ನನ್ ಮೋಟ್ರು ಸಂದಾಗೇ ಓಡ್ತಾದೆ. ನಿನ್ ನೋಡ್ಕಂಡೋಗವ ಅಂತ ಬಂದೆ." ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಬಾಬು ಜಾನ್ ಮುಖ ಸವರಿದರು. "ಮೂವತ್ತು ವರ್ಸ ನನ್ ಗದ್ದೆ ನಿನ್ ಕೈ ನೀರ್ ಕುಡ್ದದೆ. ಓಗ್ಬುಟ್ಟ ಅಂದ್ರಲ್ಲಪ್ಪ. ಮಣ್ಗೂ ಓಗ್ನಿಲ್ವಲ್ಲ, ಒಂದಿಡಿ ಮಣ್ಣಾಕ್ನಿಲ್ವಲ್ಲ ಅಂತ ಎರಡ್ ತಿಂಗ್ಳಿಂದ ಅನ್ನ ಸೇರ್ನಿಲ್ಲ ನಂಗೆ."

ಬಾಬು ಜಾನ್ ಇನ್ನೂ ಹತ್ತಿರ ಬಂದರು. ಮುದುಕರ ಎರಡು ಕೈಯನ್ನೂ ಹಿಡಿದು ತಮ್ಮ ಎದೆಗೆ ಒತ್ತಿಕೊಂಡು ನಿಂತರು. ವಾರ್ನಿಷ್ ಆ ಬಿಳಿ ಅಂಗಿಯ ತೋಳಿಗೆಲ್ಲ ಮೆತ್ತಿಕೊಂಡಿತು. ಮುದುಕರು ಅದನ್ನು ನೋಡಿಕೊಳ್ಳಲೂ ಇಲ್ಲ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ, ಮಹಬೂಬ್ ಬೀ ನನ್ನ ಭುಜ ಹಿಡಿದು ತಾವೂ ಅತ್ತರು. ನನಗೆ ಬರೆಯಲು ಬಾರದ ಋಣ ಈ ಊರಿನ ತುಂಬ ಎಷ್ಟು ಜನರ ಎದೆಯಲ್ಲಿ ಇತ್ತು! ಅವರಲ್ಲಿ ನಾನೂ ಒಬ್ಬಳಾದೆ ಎನ್ನುವುದಕ್ಕೆ ಅವತ್ತು ಯಾರಿಗೆ ಕೈ ಮುಗಿಯಬೇಕೋ ತಿಳಿಯಲಿಲ್ಲ.

ಹಸೀಬ್ ಒಬ್ಬನೇ ಮೋಟಾರುಗಳನ್ನು ಒಂದೊಂದಾಗಿ ಇಳಿಸಿ ಗೋಡೆಯ ಬದಿಗೆ ಸಾಲಾಗಿ ಇಟ್ಟ. ಕೈ ಒರೆಸಿಕೊಂಡ. ಒಳಗೆ ಹೋಗಿ ಕಟ್ಟೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ನೆಲದಲ್ಲಿ ಬಿದ್ದಿದ್ದ ನಟ್ಟುಗಳನ್ನು ಆರಿಸಿ ಅಂಗೈಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದ.

"ಭಾವ," ಎಂದು ಅಲ್ಲಿಂದಲೇ ಕೂಗಿದ. "ಈ ದೊಡ್ಡ ನಟ್ಟು ಯಾವ್ ಕಡೆಗೆ ಬತ್ತದೆ?"